ಕಷ್ಟ ನೆಲದ್ದಾಗಿರಲಿ: ಫ್ಯಾಂಟಸಿ ಗೇಮುಗಳಲ್ಲಿ ಅಲೆದಾಟ ಮತ್ತು ಸವಾಲು

ಸಾಹಿತ್ಯದ ದತ್ತಿ ಉಪನ್ಯಾಸದಲ್ಲಿ ಗೇಮಿನ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್ ಹುಟ್ಟಿದ್ದು ಮಾತಿನ ಆಟವಾಗಿ ಎಂಬುದೇ ಅದಕ್ಕೆ ನನ್ನ ಉತ್ತರ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟವಾದಾಗ ಅದಕ್ಕೆ ಪರದೆಯೂ ಇರಲಿಲ್ಲ, ಬಟನ್ನೂ ಇರಲಿಲ್ಲ. ಒಬ್ಬ ಕತ್ತಲ ನೆಲಮಾಳಿಗೆಯನ್ನು ಬಾಯಲ್ಲಿ ಬಣ್ಣಿಸುತ್ತಿದ್ದ. ಉಳಿದವರು ಎಡಕ್ಕೆ ಹೋಗುತ್ತೇವೆ, ಬಾಗಿಲಿಗೆ ಕಿವಿಗೊಡುತ್ತೇವೆ ಎನ್ನುತ್ತಿದ್ದರು. ಸೋಲು ಗೆಲುವನ್ನು ದಾಳ ಹೇಳುತ್ತಿತ್ತು. ಅಲ್ಲಿಂದ ಕಂಪ್ಯೂಟರಿಗೆ ಬಂದ ಈ ಕಥೆಯಾಟ ಇವತ್ತು ನಗರದ ಹುಡುಗರ ಲ್ಯಾಪ್‌ಟಾಪಿನಲ್ಲೂ ಇದೆ, ಅದರ ಎಷ್ಟೋ ಪದ್ಧತಿಗಳು ಹಳ್ಳಿಯ ಕಟ್ಟೆಯ ಮೇಲೆ ಕೂತವರ ಮೊಬೈಲಿನೊಳಗೂ ಹೊಕ್ಕಿವೆ. ಹಳೆಯ ಗೇಮುಗಳು ಕಷ್ಟವಾಗಿದ್ದವು, ಹೊಸವು ಸಲೀಸಾಗಿವೆ ಎಂಬ ಮಾತು ಈ ಆಟ ಬಲ್ಲವರಲ್ಲಿ ಸಾಮಾನ್ಯ. ಆ ಮಾತು ಅರ್ಧ ಮಾತ್ರ ನಿಜ ಎಂದು ನನ್ನ ವಾದ. ಕೇಳಬೇಕಾದದ್ದು ಕಷ್ಟ ಎಷ್ಟಿದೆ ಎಂದಲ್ಲ, ಅದು ಎಲ್ಲಿದೆ ಎಂದು. ಕಷ್ಟ ನೆಲಕ್ಕೆ ಸೇರಿದಾಗ ಅಲೆದಾಟಕ್ಕೆ ಅರ್ಥ ಬರುತ್ತದೆ. ಅದು ಆಟಗಾರನ ಬೆನ್ನಿಗೆ ಅಂಟಿಕೊಂಡು ಅವನು ಹೋದಲ್ಲೆಲ್ಲ ಬಂದರೆ, ಎಷ್ಟು ದೊಡ್ಡ ಲೋಕ ಕಟ್ಟಿಕೊಟ್ಟರೂ ಅದು ಒಂದೇ ಕೋಣೆ.

ನೆಲಕ್ಕೆ ಸೇರಿದ ಕಷ್ಟ ಎಂದರೇನೆಂದು ನಮ್ಮ ಧಾರವಾಡ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಕುಂದಗೋಳ, ನವಲಗುಂದದ ಎರೆ ಹೊಲದಲ್ಲಿ ಬೇಸಿಗೆಗೆ ಸರಾಗ ನಡೆಯುವ ಬಂಡಿ, ಮಳೆ ಹಿಡಿದರೆ ಗುಂಬದತನಕ ಹೂಳುತ್ತದೆ. ಈ ಬಯಲಲ್ಲಿ ಹರಿದು ಮಲಪ್ರಭೆ ಸೇರುವ ಬೆಣ್ಣೆಹಳ್ಳ ವರ್ಷದ ಬಹುಪಾಲು ದಾಟಬಹುದಾದ ಹಳ್ಳ. ಉಕ್ಕಿದಾಗ ಎರಡೂ ದಂಡೆಯ ಬೆಳೆ ನುಂಗುತ್ತದೆ. ಪಡುವಣಕ್ಕೆ ಕಲಘಟಗಿಯ ಕಡೆ ಹೋದಂತೆ ಮಣ್ಣಿನ ಬಣ್ಣ ಬದಲಾಗುತ್ತದೆ, ಗದ್ದೆ, ಕೆರೆ, ಕಾಡು ಬರುತ್ತವೆ, ಅಪಾಯದ ಬಗೆಯೂ ಬೇರೆಯಾಗುತ್ತದೆ. ದಾಟುವವನು ಎಳೆಯನೋ ಅನುಭವಿಯೋ ಎಂದು ಹಳ್ಳ ನೋಡುವುದಿಲ್ಲ. ನೋಡದೆ ಇರುವುದರಿಂದಲೇ ಅನುಭವಿಗೆ ಬೆಲೆ ಇದೆ. ಇಲ್ಲಿ ಊರಿನ ದಾರಿ ಹೇಳುವವರೂ ದೂರವನ್ನಷ್ಟೇ ಹೇಳುವುದಿಲ್ಲ. ಹಳ್ಳ ದಾಟಿ ಬನ್ನಿಗಿಡದ ಎಡಕ್ಕೆ ಹೊಳ್ಳು, ಮಳಿ ಆಗಿದ್ದರ ಆ ಕಡೆ ಹೋಗಬ್ಯಾಡ ಎನ್ನುತ್ತಾರೆ. ದಾರಿಯ ಜೊತೆಗೇ ಕಷ್ಟವನ್ನೂ ಹೇಳಿಬಿಡುತ್ತಾರೆ.

ಹಳೆಯ ಗೇಮುಗಳ ಒಳ್ಳೆಯ ಭಾಗ ಇದನ್ನು ಅರಿತಿತ್ತು. 1981ರ 'ವಿಝಾರ್ಡ್ರಿ'ಯಲ್ಲಿ ಹತ್ತು ಅಂತಸ್ತಿನ ನೆಲಮಾಳಿಗೆ, ಪ್ರತಿ ಅಂತಸ್ತೂ 20 ಗುಣಿಸು 20 ಚೌಕಗಳ ಜಾಲ. ಪರದೆಯ ಮೇಲೆ ಕಾಣುವುದು ಎದುರಿನ ಗೋಡೆಗಳ ಗೆರೆ ಮಾತ್ರ. ಆಟಗಾರ ಗ್ರಾಫ್ ಕಾಗದದ ಮೇಲೆ ತಾನೇ ನಕಾಶೆ ಬರೆಯಬೇಕು. ಕೆಲವು ಚೌಕಗಳಲ್ಲಿ ಕಾಲಿಟ್ಟರೆ ಅವನಿಗೆ ಗೊತ್ತಾಗದಂತೆ ಮುಖ ಬೇರೆ ದಿಕ್ಕಿಗೆ ತಿರುಗುತ್ತದೆ; ಬರೆದ ನಕಾಶೆಯೇ ಸುಳ್ಳಾಗುತ್ತದೆ. ಇಡೀ ತಂಡ ಸತ್ತರೆ ಹೆಣಗಳು ಸತ್ತ ಜಾಗದಲ್ಲೇ ಇರುತ್ತವೆ. ಹೊಸ ತಂಡ ಕಟ್ಟಿ, ಅದನ್ನು ಬಲಪಡಿಸಿ, ಅದೇ ಮೂಲೆಗೆ ಹೋಗಿ ಹೊತ್ತು ತರಬೇಕು. ಸಾವಿಗೂ ಅಲ್ಲೊಂದು ವಿಳಾಸವಿದೆ, ಇದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 2001ರ ಜರ್ಮನ್ ಗೇಮ್ 'ಗಾಥಿಕ್'ನಲ್ಲಿ ನಕಾಶೆ ಆಟಗಾರನ ಹಕ್ಕಲ್ಲ, ಸರಕು; ಅದು ಬೇಕಾದರೆ ನಕಾಶೆ ಬರೆಯುವವನ ಹತ್ತಿರ ಕೊಳ್ಳಬೇಕು. ಅಲ್ಲಿ ಜನರಿರುವ ಶಿಬಿರದ ಹೊರಗಿನ ಒಂದು ಹಕ್ಕಿಜಾತಿಯ ಪ್ರಾಣಿ ಕೂಡ ಮೊದಮೊದಲು ಕೊಲ್ಲಬಲ್ಲದು, ಕಾಡಿನೊಳಗಿನ ದೊಡ್ಡ ಮೃಗದ ಹತ್ತಿರ ಸುಳಿಯುವಂತೆಯೇ ಇಲ್ಲ. ಮುಂದೊಮ್ಮೆ ಅದೇ ಕಾಡಿಗೆ ಹೋಗಿ ಅದೇ ಮೃಗವನ್ನು ಕೆಡವಿದಾಗ ಬೆಳೆದದ್ದು ತಾನು ಎಂದು ಆಟಗಾರನಿಗೆ ತಿಳಿಯುವುದು ಕಾಡು ಬದಲಾಗದೆ ಇದ್ದುದರಿಂದ.

ಇನ್ನೂ ಹತ್ತಿರದಿಂದ ನೋಡಬೇಕಾದದ್ದು 2002ರ 'ಮಾರೋವಿಂಡ್'. ಬಾಲ್ಮೋರಾ ಎಂಬ ಊರಿನಲ್ಲಿ ಹಾಸ್ಫಾಟ್ ಎಂಬ ಪಂಡಿತ ಒಂದು ಕೆಲಸ ಒಪ್ಪಿಸುತ್ತಾನೆ: ಆರ್ಕ್‌ಂಗ್‌ಥಾಂಡ್ ಎಂಬ ಪಾಳುಬಿದ್ದ ಜಾಗದಿಂದ ಒಂದು ಲೋಹದ ಪೆಟ್ಟಿಗೆ ತರಬೇಕು. ನಕಾಶೆಯ ಮೇಲೆ ಚುಕ್ಕೆ ಬೀಳುವುದಿಲ್ಲ. ಊರಿಂದ ತೆಂಕಣಕ್ಕೆ ಹೋಗು, ನದಿಯ ಸೇತುವೆ ದಾಟು, ಬೂದಿಬಯಲಿನ ಕಣಿವೆ ಹಿಡಿ, ಹಳೆಯ ಸೇತುವೆ ಬರುತ್ತದೆ ಎಂಬ ಮಾತು ಮಾತ್ರ ಆಟದೊಳಗಿನ ದಿನಚರಿಯಲ್ಲಿ ದಾಖಲಾಗುತ್ತದೆ. ಅಲ್ಲಿ ಹೋದರೆ ಬಾಗಿಲಿಗೆ ಹಿಡಿಕೆ ಇಲ್ಲ. ಪಕ್ಕದ ಕೊಳವೆಯ ಮೇಲಿನ ತಿರುಗಣಿಯನ್ನು ಕಂಡುಹಿಡಿದು ತಿರುಗಿಸಬೇಕು. ಒಳಗೆ ಆ ಪೆಟ್ಟಿಗೆ ಒಂದು ಸಣ್ಣ ಕೋಣೆಯ ಹಲಗೆಯ ಮೇಲೆ ಬೇರೆ ಹಳೆಯ ಪಾತ್ರೆಗಳ ಜೊತೆ ಸುಮ್ಮನೆ ಕೂತಿದೆ. ಹೊಳೆಯುವುದಿಲ್ಲ, ಕರೆಯುವುದಿಲ್ಲ. ಎಷ್ಟೋ ಜನ ಅದರ ಪಕ್ಕದಲ್ಲೇ ಹಾದು ಇಡೀ ಪಾಳು ಸುತ್ತಿದ್ದಾರೆ. ಹುಡುಕುವುದು ಅಂದರೆ ಇದು: ಕಣ್ಣು, ಓದು, ನೆನಪು ಮೂರೂ ದುಡಿಯುವುದು.

2006ರಲ್ಲಿ ಮಾರೋವಿಂಡ್ ಮಾಡಿದ ಕಂಪನಿಯೇ 'ಒಬ್ಲಿವಿಯನ್' ತಂದಾಗ ಎರಡು ಬದಲಾವಣೆಗಳು ಜೋಡಿಯಾಗಿ ಬಂದವು. ದಿಕ್ಸೂಚಿಯ ಮೇಲೆ ಬಾಣದ ಗುರುತು ಬಂತು, ಅದು ಹೋಗಬೇಕಾದ ಜಾಗವನ್ನು ನೇರ ತೋರಿಸುತ್ತದೆ. ಜೊತೆಗೆ, ಲೋಕದ ಶತ್ರುಗಳು ಆಟಗಾರನ ಲೆವೆಲ್ಲಿಗೆ, ಅಂದರೆ ಅವನು ಆಡುತ್ತ ಗಳಿಸಿದ ಬಲದ ಮಟ್ಟಕ್ಕೆ, ತಕ್ಕಂತೆ ಬೆಳೆಯತೊಡಗಿದರು. ಮಾರೋವಿಂಡ್‌ನಲ್ಲೂ ಲೆವೆಲ್ ನೋಡಿ ಬರುವ ಪ್ರಾಣಿಗಳಿದ್ದವು, ಆದರೆ ಅಲ್ಲಿ ಅಪಾಯದ ಜಾಗಗಳು ಅಪಾಯದ ಜಾಗಗಳಾಗಿಯೇ ಉಳಿದಿದ್ದವು. ಒಬ್ಲಿವಿಯನ್‌ನಲ್ಲಿ ಈ ಪದ್ಧತಿ ಲೋಕವನ್ನೆಲ್ಲ ಆವರಿಸಿತು. ಪರಿಣಾಮ ಎಲ್ಲರಿಗೂ ಗೊತ್ತು: ಆಟದ ಕೊನೆಯ ಹೊತ್ತಿಗೆ ದಾರಿಹೋಕರಿಂದ ನಾಲ್ಕು ಕಾಸು ಕೀಳುವ ಬಡ ದರೋಡೆಕೋರನೂ ರಾಜರಿಗೆ ದುರ್ಲಭವಾದ ಕವಚ ತೊಟ್ಟು ನಿಲ್ಲುತ್ತಾನೆ. ಮುಖ್ಯ ಕಥೆಯನ್ನು ಕೆಳಗಿನ ಲೆವೆಲ್ಲಿನಲ್ಲೇ ಮುಗಿಸುವುದು ಹೆಚ್ಚು ಸುಲಭ, ಬೆಳೆದಷ್ಟೂ ತೊಂದರೆ. ನಮ್ಮ ಹುಲಿ-ಕುರಿ ಆಟದಲ್ಲಿ ಕುರಿ ನಡೆಸುವವನು ಜಾಣನಾದ ಎಂದು ಹುಲಿಗಳ ಸಂಖ್ಯೆ ಹೆಚ್ಚಾಗುವುದಿಲ್ಲ. ಹೆಚ್ಚಾದರೆ ಆ ಜಾಣತನ ಕಲಿತು ಏನು ಫಲ?

ಈ ಎರಡು ಬದಲಾವಣೆ ಜೊತೆಯಾಗಿ ಬಂದದ್ದು ಆಕಸ್ಮಿಕವಲ್ಲ. ಎಲ್ಲಿಗೆ ಬೇಕಾದರೂ ಮೊದಲ ದಿನವೇ ಹೋಗಬಹುದು ಎಂಬ ಸ್ವಾತಂತ್ರ್ಯ ಕೊಡಬೇಕಾದರೆ ಎಲ್ಲ ಜಾಗವೂ ಒಂದೇ ತೂಕದ್ದಾಗಬೇಕು. ಎಲ್ಲ ಜಾಗ ಒಂದೇ ತೂಕದ್ದಾದ ಮೇಲೆ ಜಾಗವನ್ನು ಓದಿ ತಿಳಿಯಬೇಕಾದದ್ದು ಏನೂ ಉಳಿಯುವುದಿಲ್ಲ, ಬಾಣ ಸಾಕು. 2011ರ 'ಸ್ಕೈರಿಮ್' ಪ್ರದೇಶಗಳಿಗೆ ಕನಿಷ್ಠ, ಗರಿಷ್ಠ ಲೆವೆಲ್ ಇಟ್ಟು ಈ ದೋಷವನ್ನು ಸ್ವಲ್ಪ ತಿದ್ದಿತು. ಅದರ ಬೆಟ್ಟ, ಮಂಜು, ಗುಹೆಗಳ ಚೆಲುವನ್ನು ಅಲ್ಲಗಳೆಯಲಾರೆ. ಆದರೆ ಅದರ ಬಾಣವನ್ನು ಮುಚ್ಚಿ ಆಡಲು ಹೊರಟರೆ ಕಷ್ಟ ಎದುರಾಗುತ್ತದೆ. ದಿನಚರಿಯಲ್ಲಿ ಇಂಥ ವಸ್ತುವನ್ನು ತಾ ಎಂದಿರುತ್ತದೆ, ಯಾವ ದಾರಿ ಹಿಡಿದು ಎಂದು ಎಷ್ಟೋ ಕಡೆ ಇರುವುದೇ ಇಲ್ಲ. ಬಾಣ ಬಂದ ಮೇಲೆ ದಾರಿ ಹೇಳುವ ಮಾತು ಬರೆಯುವುದನ್ನೇ ಬಿಟ್ಟಿದ್ದಾರೆ. ಬಾಣ ಬೇಡವೆಂದವನಿಗೆ ಅಲ್ಲಿ ಮಾತೂ ಸಿಗುವುದಿಲ್ಲ.

ಹಾಗಾದರೆ ಹೊಸದೆಲ್ಲ ಕೆಟ್ಟಿತೇ? ಇಲ್ಲ. ಅದೇ 2011ರಲ್ಲಿ ಜಪಾನಿನಿಂದ ಹಿದೇತಾಕ ಮಿಯಾಝಾಕಿ ನಿರ್ದೇಶನದ 'ಡಾರ್ಕ್ ಸೋಲ್ಸ್' ಬಂತು. ಅದರ ಆರಂಭದ ಅಗ್ಗಿಷ್ಟಿಕೆಯ ಜಾಗದಿಂದ ಮೂರು ದಾರಿಗಳು ಒಡೆಯುತ್ತವೆ. ಒಂದು ಸ್ಮಶಾನದ ಕಡೆ. ಅಲ್ಲಿಯ ಅಸ್ಥಿಪಂಜರಗಳು ಹೊಸಬನನ್ನು ಕ್ಷಣದಲ್ಲಿ ಕೆಡವುತ್ತವೆ. ಇನ್ನೊಂದು ಮುಳುಗಿದ ಊರಿನ ಕಡೆ. ಅಲ್ಲಿಯ ದೆವ್ವಗಳಿಗೆ ಸಾಮಾನ್ಯ ಕತ್ತಿ ತಾಗುವುದೇ ಇಲ್ಲ, ಗಾಳಿಯಲ್ಲಿ ಬೀಸಿದಂತೆ. ಮೂರನೆಯದು ಮೆಟ್ಟಿಲೇರಿ ಮೇಲಕ್ಕೆ. ಅಲ್ಲಿಯ ಸೈನಿಕರು ಕಷ್ಟವಾದರೂ ಸೋಲುತ್ತಾರೆ. ನಕಾಶೆ ಇಲ್ಲ, ಬಾಣ ಇಲ್ಲ. ಸದ್ಯಕ್ಕೆ ಈ ದಾರಿ ನಿನ್ನದಲ್ಲ ಎಂದು ಹೇಳುವುದು ಹೊಡೆತವೇ. ಕಷ್ಟವೇ ಅಲ್ಲಿ ದಾರಿಯ ಕಲ್ಲು. 2022ರ 'ಎಲ್ಡೆನ್ ರಿಂಗ್' ಇದನ್ನು ವಿಶಾಲ ಬಯಲಿಗೆ ಹಬ್ಬಿಸಿತು. ಆಟ ಶುರುವಾಗಿ ಹೊರಗೆ ಕಾಲಿಟ್ಟರೆ ಚಿನ್ನದ ಕವಚದ ಕುದುರೆ ಸವಾರನೊಬ್ಬ ಎದುರಿಗೇ ತಿರುಗಾಡುತ್ತಿರುತ್ತಾನೆ. ಕೆಣಕಿದರೆ ಸಾವು, ಬಳಸಿ ಹೋದರೆ ಬದುಕು. ಅಲ್ಲಿ ದಾರಿ ತೋರುವ ಬೆಳಕಿನ ಎಳೆ ಇದೆ, ನಿಜ. ಆದರೆ ಅದನ್ನೇ ನಂಬಿ ನಡೆದವನು ಬೇಗನೆ ಮಾರ್ಗಿಟ್ ಎಂಬ ಕಾವಲುಗಾರನ ಮುಂದೆ ನಿಂತು ಸೋಲುತ್ತಾನೆ. ತೆಂಕಣದ ಪ್ರಾಂತ್ಯ ಸುತ್ತಿ, ಬಲ ಕೂಡಿಸಿಕೊಂಡು ಮರಳಿ ಬರಬೇಕೆಂದು ಅವನಿಗೆ ಅಲ್ಲಿ ತಿಳಿಯುತ್ತದೆ. 2023ರ 'ಬಾಲ್ಡರ್ಸ್ ಗೇಟ್ 3' ಕೂಡ ಆಟಗಾರನ ಲೆವೆಲ್ ನೋಡಿ ಶತ್ರುವನ್ನು ಉಬ್ಬಿಸುವುದಿಲ್ಲ. ಆದ್ದರಿಂದ ಹಳತು ಹೊಸತೆಂಬ ಗೆರೆ ಇಲ್ಲಿ ನಮಗೆ ನೆರವಾಗುವುದಿಲ್ಲ.

ನನ್ನ ಮಾತಿಗೆ ಬರುವ ಮೊದಲ ಆಕ್ಷೇಪ, ಹಳೆಯ ಕಷ್ಟದಲ್ಲಿ ಬಹುಭಾಗ ಬರೀ ಕಾಟವಾಗಿತ್ತು ಎಂಬುದು. ಒಪ್ಪುತ್ತೇನೆ. 1985ರ 'ದ ಬಾರ್ಡ್ಸ್ ಟೇಲ್'ನಲ್ಲಿ 99 ಮಂದಿಯ ನಾಲ್ಕು ಗುಂಪುಗಳು ಒಟ್ಟಿಗೆ ಎರಗುವ ಒಂದು ಕಾಳಗವಿದೆ. ಅದೂ ಹೆಜ್ಜೆ ಹೆಜ್ಜೆಗೂ ಬರುವ ಇತರ ಜಗಳಗಳೂ ಆಟದ ಗಂಟೆಗಳನ್ನು ಹಿಗ್ಗಿಸಿದವೇ ಹೊರತು ಜಾಗದ ಬಗ್ಗೆ ಏನನ್ನೂ ಹೇಳಲಿಲ್ಲ. ಗೈಗ್ಯಾಕ್ಸ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆಂದು ಬರೆದ 'ಟೂಂಬ್ ಆಫ್ ಹಾರರ್ಸ್' ಎಂಬ ಸಾಹಸದಲ್ಲಿ ಗೋಡೆಯ ಮೇಲಿನ ಹಸಿರು ಮುಖದ ಬಾಯಿಗೆ ಹೊಕ್ಕವನು ಇಲ್ಲವಾಗಿಬಿಡುತ್ತಾನೆ. ಕಲಿಯಲು ಉಳಿಯುವುದೇ ಇಲ್ಲ. ಸೂಚನೆ ಕೊಡದೆ ಕೊಲ್ಲುವುದು ನೆಲದ ಕಷ್ಟವಲ್ಲ, ಬರೆದವನ ಹಟ. ಬೆಣ್ಣೆಹಳ್ಳ ಉಕ್ಕುವ ಮುಂಚೆ ಮೋಡ ಕಾಣುತ್ತದೆ. ಆ ಮೋಡವನ್ನು ತೋರಿಸದ ಗೇಮನ್ನು ಹಳೆಯದೆಂಬ ಕಾರಣಕ್ಕೆ ಮೆಚ್ಚಬೇಕಾಗಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ದುಡಿದು ದಣಿದವರಿಗೆ, ಕೈ ಬೆರಳು ಸ್ವಾಧೀನದಲ್ಲಿಲ್ಲದವರಿಗೆ, ದೃಷ್ಟಿ ಮಂದವಾದವರಿಗೆ ಈ ಕಷ್ಟ ಬಾಗಿಲು ಮುಚ್ಚುವುದಿಲ್ಲವೇ? ಮುಚ್ಚುತ್ತದೆ, ಮತ್ತು ಮುಚ್ಚಬಾರದು. ಎಲ್ಡೆನ್ ರಿಂಗ್‌ನಲ್ಲಿ ಕಷ್ಟ ಇಳಿಸುವ ಆಯ್ಕೆ ಇಲ್ಲದಿರುವುದನ್ನು ಹೆಗ್ಗಳಿಕೆ ಎಂದು ಹೊಗಳುವವರ ಜೊತೆ ನಾನಿಲ್ಲ. ಏಟಿನ ಬಲ ತಗ್ಗಿಸಿ, ಪ್ರತಿಕ್ರಿಯೆಗೆ ಹೆಚ್ಚು ಹೊತ್ತು ಕೊಡಿ, ಅಕ್ಷರ ದೊಡ್ಡದು ಮಾಡಿ. ಇವುಗಳಲ್ಲಿ ಯಾವುದೂ ಜಾಗವನ್ನು ಅಳಿಸುವುದಿಲ್ಲ. ಕಾಡು ಬಯಲಿಗಿಂತ ಅಪಾಯದ್ದಾಗಿಯೇ ಉಳಿಯುತ್ತದೆ. ಬಾಣದ ವಿಷಯದಲ್ಲೂ ಆಯ್ಕೆ ಕೊಡಬಹುದು ಎಂಬುದಕ್ಕೆ 2018ರ 'ಅಸಾಸಿನ್ಸ್ ಕ್ರೀಡ್ ಒಡಿಸ್ಸಿ' ಸಾಕ್ಷಿ. ಅಲ್ಲಿ ಶುರುವಿಗೇ ಎರಡು ಬಗೆಗಳಲ್ಲಿ ಒಂದನ್ನು ಆರಿಸಬಹುದು: ಗುರುತು ಬೇಕೆಂದವರಿಗೆ ಗುರುತು, ಬೇಡವೆಂದವರಿಗೆ ಇಂಥ ಪ್ರಾಂತ್ಯದಲ್ಲಿ, ಇಂಥ ಊರಿನ ಮೂಡಣಕ್ಕೆ ಎಂಬ ಮಾತು. ಅದಕ್ಕೆ ಬೇಕಾದದ್ದು ಒಂದೇ, ಆ ಮಾತನ್ನು ಬರೆದಿಡುವ ಶ್ರಮ.

ಮೂರನೆಯ ಆಕ್ಷೇಪ ನಮ್ಮ ನೆಲದ್ದು, ಅದನ್ನು ಎದುರಿಸದೆ ಈ ಉಪನ್ಯಾಸ ಪೂರ್ಣವಾಗದು. ಅಣ್ಣಿಗೇರಿಯ ಕನ್ನಡ ಮಾಧ್ಯಮದ ಹುಡುಗಿಗೆ ಮಾರೋವಿಂಡ್‌ನ ಇಂಗ್ಲಿಷ್ ದಿನಚರಿ ಗೋಡೆ. ಬಾಣ ಅವಳ ಪಾಲಿಗೆ ಬಾಗಿಲು. ಬಾಣವಿದ್ದರೆ ಒಂದಕ್ಷರ ಓದದೆಯೂ ಆಡಬಹುದು. ಹಾಗಿರುವಾಗ ಬಾಣವನ್ನು ದೂರುವುದು ಇಂಗ್ಲಿಷ್ ಬಲ್ಲವರ ಸೊಕ್ಕಲ್ಲವೇ? ಈ ಪ್ರಶ್ನೆಯ ಮುಂದೆ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆಂದೇ ನನ್ನ ನಂಬಿಕೆ. ಬಾಣ ಅವಳನ್ನು ಒಳಗೆ ಬಿಡುತ್ತದೆ, ಆದರೆ ಮಾತು ಕಳೆದು ಒಳಗೆ ಬಿಡುತ್ತದೆ. ಸ್ಕೈರಿಮ್, ಎಲ್ಡೆನ್ ರಿಂಗ್, ಬಾಲ್ಡರ್ಸ್ ಗೇಟ್ 3 ಯಾವುದೂ ಕನ್ನಡದಲ್ಲಿ ಬಂದಿಲ್ಲ. ಅವಳಿಗೆ ಸಿಕ್ಕದ್ದು ಲೋಕದ ಅರ್ಧ, ಮತ್ತು ಆ ಅರ್ಧದಲ್ಲಿ ಅವಳು ಓದುವವಳಲ್ಲ, ಬಾಣದ ಹಿಂದೆ ನಡೆಯುವವಳು. ಕನ್ನಡವೇ ಬೇಕಿಲ್ಲದ ಆಟ ಕನ್ನಡದ ಮಕ್ಕಳಿಗೆ ಸುಲಭ ಎನ್ನುವುದು ಪರಿಹಾರವಲ್ಲ. ದಾರಿಯನ್ನು ಮಾತಿನಲ್ಲಿ ಹೇಳುವ ಆಟ ಕನ್ನಡದಲ್ಲಿ ಬಂದರೆ ಆ ಆಟದಲ್ಲಿ ಕನ್ನಡ ಅಲಂಕಾರವಾಗಿರದೆ ನಕಾಶೆಯೇ ಆಗಿರುತ್ತದೆ.

ಅದು ಆಗದ ಮಾತೇನಲ್ಲ. ರಾಜೇಶ್ ರಾವ್ ಅವರ ಧ್ರುವ ಇಂಟರ‍್ಯಾಕ್ಟಿವ್ 1997ರಿಂದ ಬೆಂಗಳೂರಿನಲ್ಲಿದ್ದು ಹೊರನಾಡಿನ ಗೇಮುಗಳಿಗೆ ಚಿತ್ರ, ವಸ್ತು, ದೃಶ್ಯ ರೂಪಿಸಿಕೊಟ್ಟಿತು; 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಅನಿಮೇಷನ್ ಮತ್ತು ಗೇಮಿಂಗಿಗೆಂದು ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿದೆ. ಬೇರೆಯವರ ಲೋಕಕ್ಕೆ ಬಣ್ಣ ಬಳಿಯುವ ಕೈಗಳು ನಮ್ಮಲ್ಲಿ ತಯಾರಾಗಿವೆ. ನಮ್ಮ ಲೋಕಕ್ಕೆ ಮಾತು ಬರೆಯುವ ಕೆಲಸ ಶುರುವಾಗಬೇಕು. ನೂರಾರು ಕೋಟಿ ಬೇಕೆನ್ನುವವರು 2012ರ 'ಲೆಜೆಂಡ್ ಆಫ್ ಗ್ರಿಮ್‌ರಾಕ್' ನೋಡಲಿ. ಫಿನ್‌ಲ್ಯಾಂಡಿನ ನಾಲ್ಕೇ ಜನ ಮಾಡಿದ ಆ ಗೇಮಿನಲ್ಲಿ ನಕಾಶೆಯನ್ನು ಮುಚ್ಚಿ, ಹಳೆಯವರಂತೆ ಕಾಗದದ ಮೇಲೆ ಬರೆದುಕೊಂಡು ಆಡುವ ಆಯ್ಕೆಯೂ ಇದೆ. ಧಾರವಾಡದ ಐಐಟಿ, ಐಐಐಟಿಗಳ ವಿದ್ಯಾರ್ಥಿಗಳು ಒಂದು ಸಣ್ಣ ಫ್ಯಾಂಟಸಿ ಲೋಕ ಕಟ್ಟಲು ಹೊರಟರೆ ಅವರಿಗೆ ನಾನು ಹೇಳುವುದು ಇಷ್ಟು: ರಾಕ್ಷಸರ ಚಿತ್ರ ಬರೆಯುವ ಮುಂಚೆ ಕುಂದಗೋಳದಿಂದ ನವಲಗುಂದದವರೆಗೆ ಹೊಲದ ದಾರಿಯನ್ನು ರೈತರಿಂದ ಕೇಳಿ ಬರೆದುಕೊಳ್ಳಿ. ಎರೆ, ಮಸಬು, ಮರಡಿ, ಒಡ್ಡು, ಬದು ಎಂದು ನೆಲವನ್ನು ಅವರು ಹೇಗೆ ಬೇರೆ ಮಾಡುತ್ತಾರೆ, ಯಾವುದರ ಬಗ್ಗೆ ಯಾವ ಎಚ್ಚರಿಕೆ ಕೊಡುತ್ತಾರೆ ಎಂಬುದನ್ನು ಕೂಡ. ಆಟದೊಳಗಿನ ಊರವರು ದಾರಿ ಹೇಳುವಾಗ ಬಾಯಲ್ಲಿ ಬರಬೇಕಾದದ್ದು ಆ ಮಾತು.