ಲೆಕ್ಕದ ಪೆಟ್ಟಿಗೆಗೆ ಬೀಗ ಇದೆ, ಕಂಪ್ಯೂಟರಿಗೆ ಇದೆಯಾ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಮಾಹಿತಿ)



ಸಂಘದ ನಗದು ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಅದರ ಬೀಗದ ಕೈ ಇನ್ನೊಬ್ಬರ ಹತ್ತಿರ ಇರಬೇಕು ಎಂಬುದು ನಮಗೆಲ್ಲ ಗೊತ್ತು. ಆದರೆ ಈಗ ಹಲವು ಸಂಘಗಳ ಲೆಕ್ಕ ಸದಸ್ಯೆಯೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಇರುತ್ತದೆ. ಅದಕ್ಕೆ ಬೀಗ ಹಾಕಿದ್ದೇವಾ?

ಮೊದಲು ನಮಗೇ ಆದದ್ದನ್ನು ಹೇಳುತ್ತೇವೆ. ನಮ್ಮ ಸಂಘದ ಉಳಿತಾಯ, ಸಾಲ, ಕಂತು ಎಲ್ಲವೂ ಒಂದು ಪೆನ್‌ಡ್ರೈವಿನಲ್ಲಿತ್ತು. ಪ್ರಿಂಟ್ ತೆಗೆಸಲು ಅದನ್ನು ಅಂಗಡಿಗೆ ಕೊಂಡುಹೋದೆವು. ಮನೆಗೆ ಬಂದು ಹಾಕಿದರೆ ಎಲ್ಲ ಫೋಲ್ಡರುಗಳ ಮೇಲೂ ಬಾಣದ ಗುರುತಿನ ಶಾರ್ಟ್‌ಕಟ್! ಒತ್ತಿದೆವು, ವೈರಸ್ ಕಂಪ್ಯೂಟರಿಗೂ ಹತ್ತಿತು. ಗಾಬರಿಯಿಂದ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಸಿದೆವು. ವೈರಸ್ ಜೊತೆಗೆ ಲೆಕ್ಕವೂ ಹೋಯ್ತು. ಆ ವೈರಸ್ ಫೋಲ್ಡರುಗಳನ್ನು ಅಳಿಸಿರಲಿಲ್ಲ, ಬಚ್ಚಿಟ್ಟಿತ್ತು ಅಷ್ಟೆ ಎಂದು ಆಮೇಲೆ ತಿಳಿಯಿತು. ಅಳಿಸಿದವರು ನಾವೇ!

ಮುಂದಿನ ಸಭೆಯಲ್ಲಿ ಒಬ್ಬ ಸದಸ್ಯೆ, "ನಾನು ಕಟ್ಟಿದ ಕಂತಿಗೆ ಈಗ ಸಾಕ್ಷಿ ಏನಕ್ಕ?" ಎಂದು ಕೇಳಿದರು. ನಮಗೆ ತಲೆ ಎತ್ತಲಾಗಲಿಲ್ಲ. ಪುಣ್ಯಕ್ಕೆ ಎಲ್ಲರ ಪಾಸ್‌ಬುಕ್ಕುಗಳಲ್ಲಿ ಬರೆದಿತ್ತು. ಅದನ್ನೆಲ್ಲ ಒಟ್ಟುಮಾಡಿ ಹೊಸದಾಗಿ ಲೆಕ್ಕ ಬರೆದೆವು. ಹಣ ಹೋಗಲಿಲ್ಲ, ಆದರೆ ನಂಬಿಕೆ ಹೋಗುವುದರಲ್ಲಿತ್ತು.

ವೈರಸ್ ಎಂದರೆ ರೋಗಾಣು ಅಲ್ಲ, ಹಾಳು ಮಾಡಲೆಂದೇ ಯಾರೋ ಬರೆದ ಪ್ರೋಗ್ರಾಮ್. ಸ್ಪೈವೇರ್ ಎಂದರೆ ಗೂಢಚಾರ. ಅದು ಸದ್ದಿಲ್ಲದೆ ಕುಳಿತು ನಾವು ಒತ್ತುವ ಪಾಸ್‌ವರ್ಡನ್ನು ಕದ್ದು ಕಳುಹಿಸುತ್ತದೆ. ಎಷ್ಟೋ ಸಲ ಇವುಗಳಿಗೆ ಬಾಗಿಲು ತೆರೆಯುವವರು ನಾವೇ. 2000ನೇ ಇಸವಿಯ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ವೈರಸ್ ಪ್ರೇಮಪತ್ರದ ವೇಷದಲ್ಲಿ ಇ-ಮೇಲ್ ಮೂಲಕ ಬಂತು. ಜನ ಕುತೂಹಲದಿಂದ ತೆರೆದರು, ಲೋಕವೆಲ್ಲ ಹರಡಿತು.

ಇನ್ನು ಕೆಲವು, ಚಿಲಕ ಸರಿಯಿಲ್ಲದ ಬಾಗಿಲಿನಿಂದ ನುಗ್ಗುತ್ತವೆ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಹಾಗೆ ಬಂದು, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ದುರಸ್ತಿಯನ್ನು ಮೈಕ್ರೋಸಾಫ್ಟ್ ಕಂಪನಿ ಮಾರ್ಚ್‌ನಲ್ಲೇ ಕೊಟ್ಟಿತ್ತು. ಅಪ್‌ಡೇಟ್ ಮಾಡಿಕೊಂಡವರು ಉಳಿದರು.

ಹಾಗಾದರೆ ನಾವೇನು ಮಾಡಬೇಕು?

1. ಅಪ್‌ಡೇಟ್ ಕೇಳಿದಾಗ 'ಆಮೇಲೆ' ಅನ್ನಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಕಂಪ್ಯೂಟರಿಗೆ ವಿಂಡೋಸ್ 11 ಹಾಕಬಹುದೇ ಎಂದು ತಿಳಿದವರಲ್ಲಿ ಕೇಳಿ.

2. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಕಾವಲುಗಾರ ಉಚಿತವಾಗಿಯೇ ಇದ್ದಾನೆ. ಅವನನ್ನು ಆಫ್ ಮಾಡಬೇಡಿ.

3. ಹೊರಗೆ ಹೋಗಿಬಂದ ಪೆನ್‌ಡ್ರೈವನ್ನು ತೆರೆಯುವ ಮೊದಲು ಸ್ಕ್ಯಾನ್ ಮಾಡಿ. ಮಳೆಯಲ್ಲಿ ಹೋಗಿಬಂದವರು ಕಾಲು ತೊಳೆದು ಒಳಗೆ ಬರುವುದಿಲ್ಲವೇ, ಹಾಗೆ!

4. ಪುಕ್ಕಟೆ ಎಂದು ಮಕ್ಕಳು ಕಂಡ ಕಂಡ ಗೇಮ್, ಸಿನಿಮಾ, ಕದ್ದ ಸಾಫ್ಟ್‌ವೇರ್ ಇಳಿಸಿಕೊಳ್ಳದಂತೆ ನೋಡಿಕೊಳ್ಳಿ. ಸ್ಪೈವೇರ್ ಅದರ ಬೆನ್ನಿಗೇ ಬರುತ್ತದೆ.

5. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಪರದೆಯಲ್ಲಿ ಬಂದರೆ ಅದು ಮೋಸ. ಫೋನ್ ಮಾಡಬೇಡಿ. ಆ ಪುಟ ಮುಚ್ಚಿ. ಮುಚ್ಚಲಾಗದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ.

6. ವಾರದ ಸಭೆ ಮುಗಿದ ಕೂಡಲೇ ಲೆಕ್ಕದ ಒಂದು ಪ್ರತಿಯನ್ನು ಬೇರೆ ಪೆನ್‌ಡ್ರೈವಿಗೆ ಹಾಕಿ, ಕಳಚಿ, ಇನ್ನೊಬ್ಬ ಸದಸ್ಯೆಯ ಮನೆಯಲ್ಲಿಡಿ. ಕೈಬರಹದ ಲೆಡ್ಜರನ್ನೂ ಬಿಡಬೇಡಿ.

ಇಷ್ಟಾದರೂ ಬ್ಯಾಂಕಿನಿಂದ ಹಣ ಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು.

ಸಹೋದರಿಯರೇ, ಆ ಕಂಪ್ಯೂಟರಿನಲ್ಲಿ ಇರುವುದು ಬರೀ ಅಂಕಿಗಳಲ್ಲ. ಬೀಡಿ ಕಟ್ಟಿ, ಹೂ ಮಾರಿ, ಕೂಲಿ ಮಾಡಿ ನಾವು ಕೂಡಿಟ್ಟ ದುಡಿಮೆಯ ಲೆಕ್ಕ. ಈ ವಾರದ ಸಭೆಯಲ್ಲೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ: ನಮ್ಮ ಲೆಕ್ಕದ ಎರಡನೇ ಪ್ರತಿ ಯಾರ ಮನೆಯಲ್ಲಿದೆ?