ಪರದೇಶಕ್ಕೆ ಹೊರಡುವವರು ಏನು ಒಯ್ಯಬೇಕು?

(ಕಲ್ಯಾಣದಲ್ಲಿ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಕಲ್ಯಾಣ, ಡೊಂಬಿವಲಿಯ ನಮ್ಮ ಮನೆಗಳಿಂದ ಹುಡುಗರು ದುಬೈ, ಮಸ್ಕತ್, ರಿಯಾಧ್‌ಗಳಿಗೆ ಅಡಿಗೆಯವರಾಗಿ, ಫಿಟ್ಟರುಗಳಾಗಿ ಹೊರಡುತ್ತಾರೆ. ವಿಮಾನದ ಟಿಕೆಟ್ಟಿನಲ್ಲಿ ಸಾಮಾನಿಗೆ ಕಿಲೋ ಲೆಕ್ಕವುಂಟು. ಮೀರಿದರೆ ದುಡ್ಡು ತೆರಬೇಕು. ಆದುದರಿಂದ ಏನು ಒಯ್ಯಬೇಕು, ಏನು ಬಿಡಬೇಕು ಎಂಬುದನ್ನು ನಾವು ಮನೆಯಲ್ಲೇ ಯೋಚಿಸಬೇಕು.

ಮೊದಲು ವಿದ್ಯುತ್ತಿನ ಮಾತು. ನಮ್ಮ ಲೋಕಲ್ ಗಾಡಿಯನ್ನೇ ನೋಡೋಣ. 1925ರಲ್ಲಿ ಮುಂಬಯಿಯಲ್ಲಿ ವಿದ್ಯುತ್ ರೈಲು ಹೊರಟಾಗ ತಂತಿಯಲ್ಲಿದ್ದುದು 1,500 ವೋಲ್ಟ್ ಡಿ.ಸಿ. ಮಧ್ಯ ರೈಲ್ವೆಯ ಮುಖ್ಯ ಮಾರ್ಗ 2015ರ ವೇಳೆಗೆ 25,000 ವೋಲ್ಟ್ ಎ.ಸಿ.ಗೆ ಬದಲಾಯಿತು. ಡಿ.ಸಿ.ಗೆಂದೇ ಮಾಡಿದ ಹಳೆಯ ಗಾಡಿಗಳು ಅಲ್ಲಿ ಓಡಲಾರದಾದವು. ಹಳಿ ಅದೇ, ಗಾಲಿ ಅದೇ, ಕರೆಂಟು ಬೇರೆ. ಮನೆಯ ಯಂತ್ರಕ್ಕೂ ಇದೇ ನ್ಯಾಯ. ಯಂತ್ರದ ಹಿಂದಿನ ಚೀಟಿಯಲ್ಲಿ ವೋಲ್ಟ್, ಹರ್ಟ್ಜ್ ಬರೆದಿರುತ್ತದೆ; ಓದಿ ನೋಡಿರಿ.

ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ದುಬೈ, ಮಸ್ಕತ್, ದೋಹಾಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಪ್ಲಗ್ಗಿನ ಕಡ್ಡಿ ಮಾತ್ರ ಚಪ್ಪಟೆ. ಅಲ್ಲಿಗೆ ಅಡಾಪ್ಟರ್ ಸಾಕು. ಸೌದಿಯಲ್ಲಿ 60 ಹರ್ಟ್ಜ್. ಮಿಕ್ಸರಿಗೆ ಅದರಿಂದ ಬಾಧೆಯಿಲ್ಲ. ಗ್ರೈಂಡರಿನ ಮೋಟಾರು ಮಾತ್ರ ಐದು ಸುತ್ತು ತಿರುಗುವಲ್ಲಿ ಆರು ಸುತ್ತು ತಿರುಗುತ್ತದೆ. ಅಮೆರಿಕದಲ್ಲಿ 120 ವೋಲ್ಟ್. ನಮ್ಮ ನೀರು ಕಾಯಿಸುವ ಕಾಯಿಲ್ ಅಲ್ಲಿ ಸುಮಾರು ಕಾಲುಭಾಗ ಶಾಖವನ್ನಷ್ಟೇ ಕೊಟ್ಟೀತು. ಅಡಾಪ್ಟರ್ ಕಡ್ಡಿಯ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟನ್ನಲ್ಲ. ಇದನ್ನು ಮರೆಯಬಾರದು.

ಎರಡು ಲೀಟರಿನ ಗ್ರೈಂಡರು ಕಲ್ಲು ಸಹಿತ ಹತ್ತು ಕಿಲೋದ ಆಸುಪಾಸು ತೂಗುತ್ತದೆ. ಗಲ್ಫಿನ ಪೇಟೆಗಳಲ್ಲಿ ಗ್ರೈಂಡರೂ ಮಿಕ್ಸರೂ ದೊರೆಯುತ್ತವೆ. ಹೊತ್ತು ಒಯ್ಯುವುದೇಕೆ? ಸಣ್ಣ ಕುಕ್ಕರು, ಅದರ ಎರಡು ಗ್ಯಾಸ್ಕೆಟ್ಟು ಇದ್ದರೆ ಸಾಕು. ಆದರೆ ಕೋಣೆಯಲ್ಲಿ ಇಂಡಕ್ಷನ್ ಒಲೆಯಿದ್ದರೆ ಬರೀ ಅಲ್ಯೂಮಿನಿಯಂ ಕುಕ್ಕರು ಕಾಯದು. ಅಯಸ್ಕಾಂತ ಹಿಡಿಯುವ ತಳ ಬೇಕು.

ಇನ್ನು ಕಸುಬಿನ ಹತ್ಯಾರು. ಅವನ್ನು ಮಾಲಿಕನು ಕೊಡುವನೇ ಎಂಬುದನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಿರಿ. ಏಜೆಂಟನ ಬಾಯಿಮಾತು ಸಾಲದು. ಕೈಗೆ ಹೊಂದಿದ ಚೂರಿ, ಪಾನಾ ಒಯ್ಯಲೇಬೇಕೆಂದರೆ ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಡಿರಿ, ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕಿಗೆ ಇದರ ತಿರುಗುಮುರುಗು: ಅದು ಕೈಚೀಲದಲ್ಲೇ ಇರಬೇಕು.

ಕೊನೆಯದಾಗಿ ಗಸಗಸೆ. ನಮಗದು ಪಾಯಸದ ಸಾಮಾನು. ಸೌದಿ, ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ಮಾದಕ ವಸ್ತುವಿನ ಲೆಕ್ಕ. ಸಣ್ಣ ಪೊಟ್ಟಣ ಸಿಕ್ಕರೂ ಸೆರೆಮನೆ ಕಾಣಬೇಕಾದೀತು. ತಾಯಂದಿರು ಮಸಾಲೆ ಪುಡಿಗೂ ಅದನ್ನು ಬೆರೆಸಬಾರದು. ಅನ್ಯರು ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ಒಯ್ಯಬೇಡಿರಿ. ಸಂಕೋಚಕ್ಕೆ ಬಿದ್ದು ಹುಡುಗನ ಬಾಳು ಕೆಡದಿರಲಿ.

ಗಲ್ಫಿಗೆ ಹೋಗಿ ಬಂದವರು ನಮ್ಮ ನಡುವೆಯೇ ಇದ್ದಾರೆ. ಪೆಟ್ಟಿಗೆ ಕಟ್ಟುವ ಮುನ್ನ ಅವರನ್ನು ಕೇಳೋಣ.