ಎಲೆಯನ್ನು ಕೀಳುವ ಮುನ್ನ

ಶ್ರೋತೃಗಳೆ, ಮನೆಯೊಳಗಣ ಕುಂಡದ ಗಿಡಗಳಿಗೆ ಎಲೆ ಕಿತ್ತರೆ ಬೆಳವಣಿಗೆಯೂ ಫಲವೂ ಹೆಚ್ಚುವುವೆಂಬ ಮಾತು ನಮ್ಮಲ್ಲಿ ಬಳಕೆಯಲ್ಲುಂಟು. ಅದನ್ನು ನಾವು ಕೊಂಚ ಪರಾಮರ್ಶಿಸಿ ನೋಡುವುದು ಯುಕ್ತ. ಬೆಳಕು, ಗಾಳಿ, ನೀರು ಇವುಗಳಿಂದ ಸಕ್ಕರೆಯನ್ನು ಸಿದ್ಧಗೊಳಿಸಿ ಬೇರಿಗೂ ಹೂವಿಗೂ ಕಾಯಿಗೂ ಉಣಬಡಿಸುವ ಪಾಕಶಾಲೆ ಎಲೆಯೇ. ನೆರಳಿಗೆ ಬಿದ್ದ ಹಳೆಯ ಎಲೆಯು ಕುಳಿತುಣ್ಣುವ ನೆಂಟನೆಂದು ಕೆಲವರ ಎಣಿಕೆ. ಅದು ಸರಿಯಲ್ಲ. ಬಲಿತ ಎಲೆಯು ಸಾಮಾನ್ಯವಾಗಿ ಇತರ ಎಲೆಗಳ ಸಕ್ಕರೆಗೆ ಕೈಯೊಡ್ಡುವುದಿಲ್ಲ. ಹಳದಿಯಾಗುವಾಗ ತನ್ನಲ್ಲಿನ ಸಾರಜನಕದ ಬಹುಭಾಗವನ್ನು ಗಿಡಕ್ಕೆ ಹಿಂದಿರುಗಿಸಿಯೇ ಉದುರುತ್ತದೆ. ಹಸಿರಾಗಿರುವಾಗಲೇ ಕಿತ್ತರೆ ಆ ಗಂಟು ಕಸದ ಪಾಲು.

ಹಾಗಾದರೆ ಕತ್ತರಿಗೆ ಕೆಲಸವೇ ಇಲ್ಲವೆ? ಉಂಟು. ಗಾಜಿನ ಮನೆಗಳಲ್ಲಿ ಟೊಮೇಟೊ ಬೆಳೆಯುವವರು ಗೊಂಚಲು ಹಣ್ಣಾಗುವ ವೇಳೆಗೆ ಅದರ ಕೆಳಗಣ ಎಲೆಗಳನ್ನು ತೆಗೆಯುತ್ತಾರೆ. ಇದರಿಂದ ಬುಡದಲ್ಲಿ ಗಾಳಿಯಾಡಿ ತೇವವು ಆರುತ್ತದೆ. ಬೂಷ್ಟುರೋಗಕ್ಕೆ ಎಡೆ ಕಡಮೆಯಾಗುತ್ತದೆ. ಬೆಳಕುಣ್ಣುವ ಮೇಲಣ ಎಲೆಗಳನ್ನಾದರೋ ಉಳಿಸಿಕೊಳ್ಳುತ್ತಾರೆ. ತುಳಸಿಯ ಕುಡಿಯನ್ನು ಚಿವುಟುವುದು ಬೇರೆಯ ಮಾತು. ಅಲ್ಲಿ ಕೆಳಗಿನ ಮೊಗ್ಗುಗಳು ಕವಲೊಡೆದು ಗಿಡವು ದಟ್ಟವಾಗುತ್ತದೆ.

ನಮ್ಮ ಕೊಠಡಿಗಳಲ್ಲಿ ಗಿಡಕ್ಕೆ ಬೆಳಕಿನದೇ ಬಡತನ. ಆದುದರಿಂದ ಒಣಗಿದ, ರೋಗ ತಗಲಿದ, ಮಣ್ಣಿಗೆ ತಾಗಿದ ಎಲೆಗಳನ್ನು ಮಾತ್ರ ತೆಗೆಯೋಣ. ಉಳಿದವುಗಳ ಮೇಲೆ ಕೈಮಾಡುವ ಮುನ್ನ ಕುಂಡವನ್ನು ಕಿಟಕಿಯ ಬಳಿಗೆ ಸರಿಸಿ ನೋಡೋಣ.